ಮುರಳಿಯ ಎಂಜಿನ್ ಹೊತ್ತು ಜರ್ಮನಿಗೆ

ಮೀನಂಬಾಕ್ಕಂ

ಜರ್ಮನಿಗೆ ಹೋಗಿ ಬಂದವರು ಅಲ್ಲಿಯ ಕೋಟೆಗಳ ಬಗ್ಗೆ, ಕಾಡುಗಳ ಬಗ್ಗೆ, ನದಿಯ ಮೇಲೆ ಹಡಗಿನಲ್ಲಿ ಹೋದದ್ದರ ಬಗ್ಗೆ ಬರೆಯುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ಸರಿಯಾಗಿ ನೋಡಲಿಲ್ಲ. ನಾನೂ ಅಪ್ಪನೂ ಅಲ್ಲಿಗೆ ಹೋದದ್ದು ಒಂದು ಕೆಟ್ಟ ಎಂಜಿನ್ನನ್ನು ಬಲ್ಲವರೊಬ್ಬರಿಗೆ ತೋರಿಸಿ, ಅದು ಯಾಕೆ ಕೆಟ್ಟಿತೆಂದು ಕೇಳಿಕೊಂಡು ಬರುವುದಕ್ಕೆ. ಅದು ನನ್ನ ತಮ್ಮ ಮುರಳಿಯ ರೇಸ್ ಕಾರಿನ ಎಂಜಿನ್. ಆ ಕಾರಿನಲ್ಲೇ ಅವನು ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ನಮ್ಮದು ಅಜ್ಜನ ಕಾಲದಲ್ಲಿ ಮದ್ರಾಸಿಗೆ ಬಂದು ನೆಲೆನಿಂತ ಕನ್ನಡದ ಮಾಧ್ವ ಕುಟುಂಬ. ವೆಸ್ಟ್ ಮಾಂಬಳಂನಲ್ಲಿ ಮನೆ. ಅಪ್ಪ ಗುರುರಾಜ ರಾಯರದು ಮೌಂಟ್ ರೋಡಿನ ಹಿಂದುಗಡೆ ಒಂದು ವರ್ಕ್‌ಷಾಪು. ಮನೆಯಲ್ಲಿ ಅದನ್ನು ತಮಿಳರ ಹಾಗೆ ಪಟ್ಟರೆ ಎಂದೇ ಕರೆಯುತ್ತಿದ್ದೆವು. ಎಂಜಿನ್ನಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಗೋಡೆ ಸವೆಯುತ್ತದೆ. ಸವೆದ ಎಂಜಿನ್ನು ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ. ಅಂಥ ಸಿಲಿಂಡರನ್ನು ಸ್ವಲ್ಪ ಕೊರೆದು, ಸಾಣೆಕಲ್ಲು ಹಾಕಿ ಉಜ್ಜಿ, ಮತ್ತೆ ಹೊಸದರಂತೆ ಮಾಡಿಕೊಡುವುದು ಅಪ್ಪನ ಕಸುಬು. ಆ ಉಜ್ಜುವ ಕೆಲಸಕ್ಕೆ ಹೋನಿಂಗ್ ಎನ್ನುತ್ತಾರೆ. ವಡಪಳನಿಯ ಸ್ಟುಡಿಯೋಗಳ ವ್ಯಾನುಗಳಿಂದ ಹಿಡಿದು ಕಾಸಿಮೇಡಿನ ಮೀನುದೋಣಿಗಳ ಡೀಸೆಲ್ ಎಂಜಿನ್ನುಗಳವರೆಗೆ ಎಲ್ಲವೂ ಅಪ್ಪನ ಕೈಗೆ ಬರುತ್ತಿದ್ದವು.

ಮುರಳಿ ಅಕ್ಕನಾದ ನನಗಿಂತ ಬಹಳ ಚಿಕ್ಕವನು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟುಕೊಂಡೇ ಬೆಳೆದ. ಅವನ ಉಗುರಿನ ಕಪ್ಪು ಎಂದೂ ಹೋಗುತ್ತಿರಲಿಲ್ಲ. ಅಜ್ಜನ ಶ್ರಾದ್ಧದ ದಿನ ಪುರೋಹಿತರು ಅವನ ಕೈ ನೋಡಿ, ಮೊದಲು ಎದ್ದು ಹೋಗಿ ತೊಳೆದುಕೊಂಡು ಬಾರಪ್ಪ ಎನ್ನುವುದು, ಅವನು ಹೋಗಿ ಹಾಗೇ ವಾಪಸು ಬರುವುದು ವರ್ಷ ವರ್ಷವೂ ನಡೆಯುತ್ತಿತ್ತು. ಓದು ಮುಗಿಸಿ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ. ಭಾನುವಾರ ರೇಸು.

ಪುದುಪೇಟೆಯ ಗುಜರಿಯಲ್ಲಿ ವಿದೇಶಿ ಕಾರೊಂದರ ಅಲ್ಯೂಮಿನಿಯಂ ಎಂಜಿನ್ನು ಸಿಕ್ಕಿದ ದಿನ ಅವನು ಊಟಕ್ಕೂ ಬಾರದೆ ಅದರ ಮುಂದೆ ಕೂತಿದ್ದ. ಅದರ ಸಿಲಿಂಡರಿನಲ್ಲಿ ಉಳಿದ ಎಂಜಿನ್ನುಗಳಂತೆ ಕಬ್ಬಿಣದ ಒಳಪದರ ಇರಲಿಲ್ಲ. ಅಲ್ಯೂಮಿನಿಯಂ ಗೋಡೆಯ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಬಹಳ ಗಟ್ಟಿಯಾದ ಒಂದು ಲೇಪ, ಅಷ್ಟೆ. ತೂಕ ಕಡಿಮೆ, ಸವೆತವೆಂಬುದೇ ಇಲ್ಲ ಎಂದು ಬಂದವರಿಗೆಲ್ಲ ತೋರಿಸಿದ. "ಅಪ್ಪಾ, ಇನಿಮೇ ಉಂಗಳುಕ್ಕು ವೇಲೆಯೇ ಇಲ್ಲೆ" ಎಂದ, ಇನ್ನು ಮುಂದೆ ನಿಮಗೆ ಕೆಲಸವೇ ಇಲ್ಲವೆಂದು. ಅಪ್ಪನಿಗೆ ಅವನ ಖುಷಿ ನೋಡಿಯೇ ಖುಷಿ.

ಊರ ಹೊರಗಿನ ಟ್ರ್ಯಾಕಿನಲ್ಲಿ ಒಂದು ಭಾನುವಾರ ಅವನ ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು. ರೇಸು ನಡೆಸಿದ ಕ್ಲಬ್ಬಿನವರು ವಿಚಾರಣೆ ಮಾಡಿ, ತಿರುವಿನಲ್ಲಿ ಮುಂದಿನ ಕಾರನ್ನು ದಾಟಲು ಹೋಗಿ ಹಿಡಿತ ತಪ್ಪಿದ, ತಪ್ಪು ಅವನದೇ ಎಂದರು. ಅಮ್ಮ ಅದನ್ನು ನಂಬಿದಳು. ಪ್ರತಿ ರೇಸಿಗೆ ಹೊರಡುವಾಗಲೂ ಅವಳು ಅವನ ಕೈಯಿಂದ ಒಂದು ಮಾತು ತೆಗೆದುಕೊಳ್ಳುತ್ತಿದ್ದಳು. ತಿರುವಿನಲ್ಲಿ ಯಾರೊಂದಿಗೂ ಜಿದ್ದಿಗೆ ಬೀಳುವುದಿಲ್ಲ, ಸಂಶಯ ಬಂದರೆ ದಾರಿ ಬಿಟ್ಟುಬಿಡುತ್ತೇನೆ ಎಂದು ಅವನು ಹೇಳಬೇಕು. ಹೇಳುತ್ತಿದ್ದ. ಆ ದಿನವೂ ಹೇಳಿದ್ದ. ಹೇಳಿಯೂ ಹೀಗೆ ಮಾಡಿದನಲ್ಲ ಎಂಬ ಸಿಟ್ಟು ಅವಳ ದುಃಖದ ಮೇಲೆ ಕೂತುಬಿಟ್ಟಿತು. ಅವನ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಅವನ ಹೆಸರನ್ನು ಎತ್ತಲೂ ಇಲ್ಲ.

ಅಪ್ಪ ನಂಬಲಿಲ್ಲ. ಎಂಜಿನ್ನನ್ನು ಬಿಚ್ಚಿದಾಗ ಮೂರನೆಯ ಪಿಸ್ಟನ್ನು ಅರ್ಧಕ್ಕೆ ಕಚ್ಚಿಕೊಂಡು ನಿಂತಿತ್ತು. ಓಡುತ್ತಿರುವಾಗಲೇ ಎಂಜಿನ್ನು ಸೀಜ್ ಆಗಿ, ಅಂದರೆ ಒಳಗೇ ಕಚ್ಚಿ ನಿಂತು, ಚಕ್ರಗಳಿಗೆ ತಡೆಬಿದ್ದು, ಕಾರು ತಿರುಗಿದೆ ಎಂದು ಅಪ್ಪನ ವಾದ. ಗೋಡೆಗೆ ಬಡಿದ ಏಟಿಗೆ ಪಿಸ್ಟನ್ನು ಹಾಗಾಗಿದೆ ಎಂದು ಕ್ಲಬ್ಬಿನವರ ಉತ್ತರ. ಮಗನ ಪರವಾಗಿ ಅಪ್ಪ ಹೇಳುವ ಮಾತಿಗೆ ಬೆಲೆ ಎಷ್ಟು ಎನ್ನುವಂತೆ ಅವರು ನೋಡಿದ್ದನ್ನು ಅಪ್ಪ ಮರೆಯಲಿಲ್ಲ.

ನಾನು ನುಂಗಂಬಾಕ್ಕಂನ ಒಂದು ಆಮದು ಕಂಪನಿಯಲ್ಲಿ ಜರ್ಮನ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ಮಾಡುವ ಕೆಲಸದಲ್ಲಿದ್ದೆ. ಅಂಥ ಲೇಪ ಹಾಕುವ ಒಂದು ಸಣ್ಣ ಕಾರ್ಖಾನೆ ಸ್ಟುಟ್‌ಗಾರ್ಟಿನ ಹತ್ತಿರ ಇದೆಯೆಂದು ಆಫೀಸಿನ ಮೂಲಕ ತಿಳಿಯಿತು. ಕೇಳಿದೆ. ವೆಬರ್ ಎಂಬ ಎಂಜಿನಿಯರು, ಫೋಟೋ ನೋಡಿ ಏನೂ ಹೇಳಲಾರೆ, ವಸ್ತುವನ್ನು ತಂದರೆ ನೋಡುತ್ತೇನೆ ಎಂದರು.

"ಹೋದವನು ಹೋದ. ಆ ಗಡ್ಡೆ ಹೊತ್ಕೊಂಡು ಅಷ್ಟ್ ದೂರ ಯಾಕೆ ಅಲೀತೀರಿ" ಎಂದಳು ಅಮ್ಮ.

"ಕಂಡಿಪ್ಪಾ ಹೋಗ್ಬೇಕು" ಎಂದರು ಅಪ್ಪ. ಖಂಡಿತ ಎಂಬುದಕ್ಕೆ ನಮ್ಮ ಮನೆಯಲ್ಲಿ ಆ ತಮಿಳು ಮಾತೇ ಬಳಕೆ. "ನಂಗೆ ಗೊತ್ತಾಗ್ಬೇಕು, ಜಾನಕಿ."

ಸಿಲಿಂಡರುಗಳಿರುವ ಎಂಜಿನ್ನಿನ ಬ್ಲಾಕನ್ನು ಅಪ್ಪನ ಹಳೆಯ ಪಂಚೆಗಳಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟೆವು. ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಅದನ್ನು ತೆರೆಸಿದ ಅಧಿಕಾರಿ ಪಂಚೆಯ ಗಂಟು ಬಿಚ್ಚಿ ತಲೆ ಕೆರೆದುಕೊಂಡರು.

"ಇದು ಯಾರೋಡದು ಸಾರ್?"

"ಎನ್ ಪೈಯನೋಡದು" ಎಂದರು ಅಪ್ಪ. ನನ್ನ ಮಗನದು.

"ಪೈಯನ್ ಜರ್ಮನಿಲ ಇರುಕ್ಕಾರಾ?"

ಮಗ ಜರ್ಮನಿಯಲ್ಲಿದ್ದಾನೆಯೇ ಎಂದು ಅವರು ಸಹಜವಾಗಿಯೇ ಕೇಳಿದ್ದು. ಅಪ್ಪ "ಇಲ್ಲೆ" ಎಂದಷ್ಟೇ ಹೇಳಿ ಪಂಚೆಯನ್ನು ಮತ್ತೆ ಸುತ್ತತೊಡಗಿದರು.

ಫ್ರಾಂಕ್‌ಫರ್ಟ್

ಅಲ್ಲಿಯೂ ಸೂಟ್‌ಕೇಸು ತೆರೆಯಬೇಕಾಯಿತು. ದಾರಿಯಲ್ಲಿ ಬ್ಲಾಕಿನಿಂದ ಉಳಿದ ಆಯಿಲ್ ಜಿನುಗಿ, ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಪೊಟ್ಟಣಕ್ಕೆ ಇಳಿದಿತ್ತು. ಕೈಗವಸು ಹಾಕಿದ ಒಬ್ಬ ಹುಡುಗಿ ಆ ಕರಿಗೆಂಪು ಮುದ್ದೆಯನ್ನು ಎತ್ತಿ ಮೂಸಿ, ಸೀನಿ, ತನ್ನ ಮೇಲಧಿಕಾರಿಯನ್ನು ಕರೆದಳು. ಮೆಣಸಿನಕಾಯಿ, ಕೊಬ್ಬರಿ, ಹುಣಸೆಹಣ್ಣು ಎಂದು ನಾನು ಜರ್ಮನಿನಲ್ಲಿ ಹೇಳಿದೆ. ಹುಣಸೆಹಣ್ಣು ಅವರಿಗೆ ತಿಳಿಯಲಿಲ್ಲ. ಮೇಲಧಿಕಾರಿ ಪುಡಿಯನ್ನು ಬಿಟ್ಟು ಬ್ಲಾಕಿನ ಕಡೆ ಬಗ್ಗಿ, ಕಚ್ಚಿಕೊಂಡ ಪಿಸ್ಟನ್ನನ್ನು ನೋಡಿದ. ಕಾರುಗಳ ಹುಚ್ಚಿನವನಿರಬೇಕು. ರಿಪೇರಿಗೆ ತಂದಿದ್ದೇವೆಂದುಕೊಂಡು, ಕಾಯಿಲೆಯವರಿಗೆ ಹಾರೈಸುವ ಹಾಗೆ, "ಬೇಗ ಗುಣವಾಗಲಿ" ಎಂದ.

"ಏನಂದ್ರು?" ಎಂದು ಅಪ್ಪ ಕೇಳಿದರು.

ಹೇಳಿದೆ. ಅಪ್ಪ ಅವನಿಗೆ ಕೈಮುಗಿದರು. ಚಟ್ನಿಪುಡಿ ಕಸದ ಡಬ್ಬಿಗೆ ಹೋಯಿತು.

ರೈಲ್ವೆ ಪ್ಲಾಟ್‌ಫಾರಂನಲ್ಲಿ ಸೂಟ್‌ಕೇಸಿನ ಒಂದು ಗಾಲಿ ಕಿತ್ತುಬಂತು. ನಾವಿಬ್ಬರೂ ಅದನ್ನು ಎಳೆದಾಡುತ್ತಿರುವಾಗ ನಾಯಿ ಹಿಡಿದುಕೊಂಡಿದ್ದ ಒಬ್ಬಾತ ಬಂದು, ಏನೂ ಮಾತಾಡದೆ ಒಂದು ತುದಿ ಹಿಡಿದು ರೈಲಿನೊಳಗೆ ಇಟ್ಟು, ನಾನು ಥ್ಯಾಂಕ್ಸ್ ಹೇಳುವ ಮೊದಲೇ ಇಳಿದು ಹೋದ. ರೈಲಿನಲ್ಲಿ ಎದುರು ಕೂತವರು ಒಮ್ಮೆ ನಮಸ್ಕಾರದಂತೆ ತಲೆಯಾಡಿಸಿ ಪುಸ್ತಕ ತೆರೆದರು. ತಾಂಬರಂ ರೈಲಿನಲ್ಲಾಗಿದ್ದರೆ ಗಿಂಡಿ ಸ್ಟೇಷನ್ನು ಬರುವುದರೊಳಗೆ ಸೂಟ್‌ಕೇಸಿನಲ್ಲಿ ಏನಿದೆ, ಎಲ್ಲಿಗೆ, ಯಾಕೆ, ಮಗನಿಗೆ ಎಷ್ಟು ವಯಸ್ಸಾಗಿತ್ತು ಎಂದು ಎಲ್ಲವನ್ನೂ ಕೇಳಿ, ಒಬ್ಬಿಬ್ಬರು ಕಣ್ಣು ಒರೆಸಿಕೊಂಡೂ ಆಗಿರುತ್ತಿತ್ತು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ನನಗೆ ಅದು ಬಿಕೋ ಎನಿಸಿತು. ಅಪ್ಪ ಮಾತ್ರ ಬಹಳ ದಿನಗಳ ನಂತರ ಕಾಲು ಚಾಚಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ವರ್ಷವಿಡೀ ದಾರಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಕಥೆ ಹೇಳಿ ಅವರಿಗೆ ಸುಸ್ತಾಗಿತ್ತು.

ಕ್ರೌಸ್ ಅವರ ಮನೆ

ಕಾರ್ಖಾನೆಯ ಊರು ತೀರ ಚಿಕ್ಕದು. ಒಂದು ನದಿ, ಒಂದು ಚರ್ಚು, ದ್ರಾಕ್ಷಿ ಬೆಳೆದ ಗುಡ್ಡ. ಅಲ್ಲಿ ಕ್ರೌಸ್ ಎಂಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ ನಮಗೆ ಕೋಣೆ ಸಿಕ್ಕಿತು. ಚಳಿ ಎಷ್ಟೇ ಇರಲಿ, ಬೆಳಗ್ಗೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಮನೆಗೆ ಗಾಳಿ ಕುಡಿಸಬೇಕು ಎಂಬುದು ಆಕೆಯ ನಿಯಮ. ಅಪ್ಪ ಮಂಕಿಕ್ಯಾಪು ಹಾಕಿಕೊಂಡು, ಶಾಲು ಹೊದ್ದು, ಅದರ ಮೇಲೆ ಕೋಟು ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದರು.

ಮೊದಲ ದಿನವೇ ಒಂದು ಫಜೀತಿ. ಅಲ್ಲಿಯ ಬಚ್ಚಲಿನಲ್ಲಿ ನೆಲದ ನೀರು ಹೋಗಲು ತೂತಿರುವುದಿಲ್ಲ. ಅಪ್ಪನಿಗೆ ಅದನ್ನು ಹೇಳಲು ನಾನು ಮರೆತಿದ್ದೆ. ಅವರು ನಮ್ಮ ಮನೆಯಂತೆಯೇ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡಿದರು. ನೀರು ಬಾಗಿಲಡಿಯಿಂದ ಹರಿದು ಮರದ ನೆಲಕ್ಕೆ ಬಂದು, ಮೆಟ್ಟಿಲು ಇಳಿಯಿತು. ಕ್ರೌಸ್ ಓಡಿಬಂದರು. ಅಪ್ಪ ಒದ್ದೆ ಪಂಚೆಯಲ್ಲಿ ಬಾಗಿಲು ತೆರೆದು, ಆಕೆಯ ಕೈಯಿಂದ ಬಟ್ಟೆ ಕಿತ್ತುಕೊಂಡು ತಾವೇ ಮಂಡಿಯೂರಿ ನೆಲ ಒರೆಸತೊಡಗಿದರು. ಆಕೆ ಇನ್ನೊಂದು ಬಟ್ಟೆ ತಂದು ಎದುರಿನಿಂದ ಒರೆಸುತ್ತ ಬಂದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಒರೆಸಿ ಮುಗಿಸಿದ ಮೇಲೆ ಆಕೆ ನಕ್ಕರು. ಆಮೇಲೆ ಅಪ್ಪ ತೋಳು, ಎದೆಗೆ ಹಚ್ಚಿಕೊಂಡ ಗೋಪಿಚಂದನದ ಮುದ್ರೆಗಳನ್ನು ಆಕೆ ತೋರಿಸಿ, ಅವು ನೋಯುತ್ತವೆಯೇ ಎಂದು ನನ್ನನ್ನು ಕೇಳಿದರು. ಮಣ್ಣು, ತೊಳೆದರೆ ಹೋಗುತ್ತದೆ ಎಂದೆ. ಅಂದಿನಿಂದ ಅಪ್ಪನಿಗಾಗಿ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ ತಪ್ಪದೆ ಬಂದವು.

ಒಂದು ಬೆಳಗ್ಗೆ ಆಕೆ ನನ್ನ ಮೂಲಕ ಅಪ್ಪನಿಗೆ ಮಕ್ಕಳೆಷ್ಟು ಎಂದು ಕೇಳಿದರು. ಅಪ್ಪ ಎರಡು ಬೆರಳು ತೋರಿಸಿದರು. ಆಕೆಗೂ ಇಬ್ಬರಂತೆ. ಇನ್ನೊಬ್ಬರು ಎಲ್ಲಿದ್ದಾರೆ ಎಂದು ಆಕೆ ಕೇಳಲಿಲ್ಲ. ಅಪ್ಪ ಹೇಳಲಿಲ್ಲ.

ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಒಂದು ಸಿಗ್ನಲ್ಲು. ರಸ್ತೆಯಲ್ಲಿ ಎರಡೂ ಕಡೆ ಕಣ್ಣಿಗೆ ಕಾಣುವವರೆಗೆ ಒಂದು ಗಾಡಿಯೂ ಇಲ್ಲ. ಆದರೂ ಕೆಂಪು ದೀಪ ಆರುವವರೆಗೆ ಜನ ಸುಮ್ಮನೆ ನಿಂತಿರುತ್ತಾರೆ. ನಾವೂ ನಿಂತೆವು.

"ಮುರಳಿ ಇದ್ದಿದ್ರೆ ನಗ್ತಿದ್ದ" ಎಂದರು ಅಪ್ಪ. ರಸ್ತೆ ದಾಟುತ್ತ, "ಇಲ್ಲ, ನಿಂತ್ಕೋತಿದ್ದ. ಅವನು ರೋಡಲ್ಲಿ ಯಾವತ್ತೂ ರೂಲ್ ತಪ್ಪಿದವನಲ್ಲ" ಎಂದರು.

ವೆಬರ್ ಅವರ ಮೇಜು

ವೆಬರ್ ಅವರು ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಅಪ್ಪನ ಕೈಕುಲುಕಿ, ಮೊದಲು ಅವರ ಅಂಗೈಯನ್ನೇ ತಿರುಗಿಸಿ ನೋಡಿ, "ಇವರೂ ನಮ್ಮ ಕಸುಬಿನವರು" ಎಂದರು. ಆ ಕಾರ್ಖಾನೆಯಲ್ಲಿ ಅಪ್ಪನಿಗೆ ಎಲ್ಲಕ್ಕಿಂತ ಆಶ್ಚರ್ಯವಾದದ್ದು ನೆಲ. ಒಂದು ತೊಟ್ಟು ಎಣ್ಣೆಯ ಕಲೆಯಿಲ್ಲ. ನಮ್ಮ ಪಟ್ಟರೆಯ ನೆಲ ಅಜ್ಜನ ಕಾಲದ ಎಣ್ಣೆ ಕುಡಿದು ಕರಿಯ ಕನ್ನಡಿಯಾಗಿದೆ. ಕಚ್ಚಾ ಅಲ್ಯೂಮಿನಿಯಂ ಸಿಲಿಂಡರುಗಳು ಸಾಲಾಗಿ ತೊಟ್ಟಿಗಳಲ್ಲಿ ಮುಳುಗಿ, ನಿಕ್ಕಲ್ ಲೇಪ ಹೊದ್ದು ಮೇಲೆ ಬರುವುದನ್ನು ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

ವೆಬರ್ ಅವರು ಬ್ಲಾಕನ್ನು ಮೇಜಿನ ಮೇಲಿಟ್ಟು, ದೀಪ ಹಿಡಿದು, ಬೆರಳಾಡಿಸಿ ಪರೀಕ್ಷಿಸಿದರು. ಕೊನೆಗೆ, ಮೂರನೆಯ ಸಿಲಿಂಡರನ್ನು ಉದ್ದಕ್ಕೆ ಸೀಳಿದರೆ ಮಾತ್ರ ಸರಿಯಾಗಿ ಹೇಳಬಲ್ಲೆ, ಸೀಳಲೇ ಎಂದು ಕೇಳಿದರು.

ಅಪ್ಪನಿಗೆ ಹೇಳಿದೆ. ಅವರ ಮುಖ ಬಾಡಿತು. "ಕುಯ್ಯದೆ ಆಗಲ್ವಾ?"

ಆಗುವುದಿಲ್ಲ ಎಂದರು ವೆಬರ್.

ಅಪಘಾತದ ದಿನ ಆಸ್ಪತ್ರೆಯಲ್ಲಿ, ಪೋಸ್ಟ್‌ಮಾರ್ಟಮ್ಮಿಗೆ ಮುಂಚೆಯೂ ಅಪ್ಪ ಇದೇ ಮಾತು ಕೇಳಿದ್ದರು. ಅಲ್ಲಿಯ ಡಾಕ್ಟರು ಕಾನೂನು ಸಾರ್ ಎಂದಿದ್ದರು. ಆಗ ಅಪ್ಪನ ಒಪ್ಪಿಗೆಯನ್ನು ಯಾರೂ ಕಾಯಲಿಲ್ಲ. ಇಲ್ಲಿ ವೆಬರ್ ಅವರು ಕಾಯುತ್ತಿದ್ದರು. ಅವರಿಗೆ ಮುರಳಿಯ ವಿಷಯ ಗೊತ್ತಿತ್ತು, ನಾನು ಮೊದಲೇ ತಿಳಿಸಿದ್ದೆ. ಅವರು ಕುರ್ಚಿ ಎಳೆದು ಅಪ್ಪನನ್ನು ಕೂರಿಸಿ, ನಾಳೆ ಹೇಳಿದರೂ ಸಾಕು ಎಂದರು. ಅಪ್ಪ ಬ್ಲಾಕಿನ ಮೇಲೆ ಕೈಯಿಟ್ಟು ಒಮ್ಮೆ ಸವರಿ, "ಕುಯ್ಯಲಿ. ಅದಕ್ಕೇ ತಾನೆ ಬಂದಿದ್ದು" ಎಂದು ಎದ್ದರು. ಗರಗಸ ಹಾಕುವಾಗ ಅಲ್ಲಿ ನಿಲ್ಲಲಿಲ್ಲ.

ಮರುದಿನ

ಸೀಳಿದ ಸಿಲಿಂಡರು ಮೇಜಿನ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಒಳಗೋಡೆ ಮೇಲ್ಭಾಗದಲ್ಲಿ ಮಂಕಾಗಿ, ಕೆಳಗೆ ಬೆಳ್ಳಗೆ ಹೊಳೆಯುತ್ತಿತ್ತು. ನಡುವೆ ಯಾರೋ ಲೋಹವನ್ನು ಕರಗಿಸಿ ಕೈಯಿಂದ ಬಳಿದ ಹಾಗೆ ಉದ್ದುದ್ದ ಗೀರುಗಳು.

ವೆಬರ್ ಅವರು ಮೊದಲು ಅವನ್ನೇ ತೋರಿಸಿದರು. ಗೋಡೆಗೆ ಬಡಿದ ಏಟಿಗೆ ಪಿಸ್ಟನ್ನು ಒಡೆಯಬಹುದು, ಬಾಗಬಹುದು, ಆದರೆ ಹೀಗೆ ಲೋಹವನ್ನು ಬಳಿಯುವುದು ಓಡುತ್ತಿರುವ ಪಿಸ್ಟನ್ನು ಮಾತ್ರ. ಕಾರು ಬಡಿಯುವ ಮುಂಚೆಯೇ ಎಂಜಿನ್ನು ಹಿಡಿದುಕೊಂಡಿದೆ. ಅಂಥ ಹೊತ್ತಿನಲ್ಲಿ ಯಾವ ಚಾಲಕನಿಗೂ ಏನೂ ಮಾಡಲು ಸಮಯ ಸಿಗುವುದಿಲ್ಲ. ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ.

ಅಪ್ಪ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡರು. "ನಾನು ಹೇಳ್ಲಿಲ್ವಾ ಸುಧಾ" ಎಂದರು. "ನಾನು ಆವತ್ತೇ ಹೇಳ್ಲಿಲ್ವಾ." ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ಒಂದು ವರ್ಷದಿಂದ ನಾನು ಕಾಣದ ಬೆಳಕಿತ್ತು.

ಆಮೇಲೆ ವೆಬರ್ ಅವರು ಭೂತಗನ್ನಡಿಯನ್ನು ಸಿಲಿಂಡರಿನ ಮೇಲ್ಭಾಗಕ್ಕೆ ಹಿಡಿದು ನನ್ನನ್ನು ಕರೆದರು. ಅಡ್ಡಡ್ಡವಾಗಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳು ಕಂಡವು.

"ಈ ಗೆರೆಗಳು ಕಾರ್ಖಾನೆಯವಲ್ಲ" ಎಂದರು. "ಆಮೇಲೆ ಯಾರೋ ಕಲ್ಲು ಹಾಕಿ ಉಜ್ಜಿದ್ದಾರೆ. ಯಾರೆಂದು ನಿಮಗೆ ಗೊತ್ತೆ?"

ನಾನು ಮುಂದಿನದನ್ನು ಯೋಚಿಸದೆ ಆ ಪ್ರಶ್ನೆಯನ್ನು ಹಾಗೆಯೇ ಅಪ್ಪನಿಗೆ ಕೇಳಿದೆ. ಅವರು ಸೀಳಿದ ಹೋಳಿನ ಕಡೆ ನೋಡಿದರು. ತಮ್ಮ ಕೈಯ ಕಡೆ ನೋಡಿದರು.

"ನಾನೇ" ಎಂದರು.

ವೆಬರ್ ಅವರಿಗೆ ನಾನು ಅನುವಾದಿಸಬೇಕಾಗಲಿಲ್ಲ. ಅವರು ಭೂತಗನ್ನಡಿ ಕೆಳಗಿಟ್ಟು, ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ನಮ್ಮ ಊರಿನ ಪೆಟ್ರೋಲಿನಲ್ಲಿ ಗಂಧಕ ಹೆಚ್ಚಾಗಿದ್ದಿರಬೇಕು, ಅದು ಆಮ್ಲವಾಗಿ ಲೇಪವನ್ನು ಮೇಲಿನಿಂದ ತಿನ್ನುತ್ತ ಬಂದಿದೆ, ಬೇರೆ ದೇಶಗಳಲ್ಲೂ ಹಾಗಾಗಿದ್ದುಂಟು. ತೆಳುವಾಗಿದ್ದ ಜಾಗಕ್ಕೆ ಕಬ್ಬಿಣದ ಸಿಲಿಂಡರಿಗೆ ಹಾಕುವ ಕಲ್ಲು ಬಿದ್ದಾಗ ಲೇಪದ ಅಂಚು ಬಿಟ್ಟುಕೊಂಡಿದೆ. ರೇಸಿನ ಬಿಸಿಗೆ ಅಲ್ಲಿಂದ ಒಂದು ಚೂರು ಎದ್ದಿದೆ. ಆಮೇಲೆ ಬರಿಯ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ತಾಗಿ ಕಚ್ಚಿಕೊಂಡಿದೆ. ಉಜ್ಜದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. "ನನಗೆ ಗೊತ್ತಿಲ್ಲ. ಆ ರೇಸು ಮುಗಿಯುತ್ತಿತ್ತೋ ಏನೋ. ಅಥವಾ ಹೀಗೇ ಆಗುತ್ತಿತ್ತೋ. ಗೊತ್ತಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಲೇಪ ಹೊಸದಾಗಿ ಬಂದಾಗ ನಾವೂ ಹೀಗೇ ಉಜ್ಜಿ ಎಷ್ಟೋ ಸಿಲಿಂಡರು ಕೆಡಿಸಿದ್ದೇವೆ. ಇವರಿಗೆ ಇದನ್ನು ತಪ್ಪದೆ ಹೇಳಿ" ಎಂದರು.

ನಾನು ಅಪ್ಪನ ಕಡೆ ತಿರುಗಿದೆ. "ಪೆಟ್ರೋಲು ಸರಿ ಇರ್ಲಿಲ್ವಂತೆ ಅಪ್ಪಾ. ಅದ್ರಿಂದ ಲೇಪ ಎದ್ದಿದೆ" ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು. "ಅವರು ಅಷ್ಟ್ ಹೊತ್ತು ಮಾತಾಡಿದ್ರು. ನೀನ್ ಎರಡೇ ಮಾತು ಹೇಳ್ತಿದೀಯ."

"ಮುಖ್ಯವಾದ್ದು ಅಷ್ಟೇ."

"ಸುಧಾ, ನಾನ್ ಇಷ್ಟ್ ದೂರ ಬಂದಿದ್ದು ಪೂರ್ತಿ ಕೇಳ್ಕೊಳ್ಳೋಕೆ. ಪೂರ್ತಿ ಹೇಳು."

ಪೂರ್ತಿ ಹೇಳಿದೆ. ಯಾರಿಗೂ ಗೊತ್ತಿಲ್ಲ ಎಂಬುದನ್ನು, ಅವರೂ ಹೀಗೇ ಕೆಡಿಸಿದ್ದರು ಎಂಬುದನ್ನು ಎರಡೆರಡು ಸಲ ಹೇಳಿದೆ. ಅಪ್ಪ ಮಧ್ಯದಲ್ಲಿ ಒಂದು ಸಲವೂ ತಡೆಯಲಿಲ್ಲ. ಕೇಳಿ ಮುಗಿದ ಮೇಲೆ ಕುಡಿಯಲು ನೀರು ಕೇಳಿದರು. ವೆಬರ್ ಅವರೇ ಹೋಗಿ ತಂದರು. ಅದು ಅಲ್ಲಿಯವರು ಕುಡಿಯುವ ಗುಳ್ಳೆ ಏಳುವ ನೀರು. ಅಪ್ಪನಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ವೆಬರ್ ಅವರು ಅವರ ಬೆನ್ನು ಸವರುತ್ತ ನಿಂತರು. ಅಪ್ಪ ಕೆಮ್ಮುತ್ತಲೇ ಇದ್ದರು, ಆ ಕೆಮ್ಮು ಯಾವಾಗ ಅಳುವಾಯಿತೆಂದು ನನಗೆ ತಿಳಿಯಲಿಲ್ಲ.

ಹೊರಡುವಾಗ ಹೋಳುಗಳನ್ನು ಏನು ಮಾಡಲಿ ಎಂದು ವೆಬರ್ ಅವರು ಕೇಳಿದರು. ಇಲ್ಲಿಯೇ ಬಿಟ್ಟರೆ ಮಿಕ್ಕ ಅಲ್ಯೂಮಿನಿಯಂ ಜೊತೆ ಕರಗಿಸಲು ಹೋಗುತ್ತದಂತೆ. "ಕರಗಿಸಲಿ" ಎಂದರು ಅಪ್ಪ. ಗುಡಿಯ ಮುಂದೆ ಚಪ್ಪಲಿ ಬಿಚ್ಚುವ ಹಾಗೆ ಶೂ ಬಿಚ್ಚಿ, ಮೇಜಿನ ಮುಂದೆ ನಿಂತು ಕೈಮುಗಿದರು. ವೆಬರ್ ಅವರು ಯಂತ್ರ ನಿಲ್ಲಿಸುವಂತೆ ಆಚೆ ಇದ್ದವರಿಗೆ ಸನ್ನೆ ಮಾಡಿದರು.

ನದಿ ದಂಡೆ

ಅಲ್ಲಿಂದ ಕೋಣೆಗೆ ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ನದಿ ದಂಡೆಯ ಬೆಂಚಿನ ಮೇಲೆ ಕೂತೆವು. ಒಂದಿಬ್ಬರು ಮುದುಕರು ನಾಯಿಗಳನ್ನು ಅಡ್ಡಾಡಿಸುತ್ತಿದ್ದರು. ಹಾದುಹೋದವರೆಲ್ಲ ನಮಗೆ ನಮಸ್ಕಾರ ಹೇಳಿದರು. ದೊಡ್ಡ ಊರುಗಳಲ್ಲಿ ಕಾಣದ ಪದ್ಧತಿ ಅದು. ಅಪ್ಪ ಪ್ರತಿಯೊಬ್ಬರಿಗೂ ತಲೆಬಾಗಿಸಿದರು.

"ರೇಸಿಗೆ ಮುಂಚಿನ ವಾರ ಗಾಡಿ ಹೊಗೆ ಬಿಡ್ತಿತ್ತು" ಎಂದು ಅವರಾಗಿಯೇ ಶುರುಮಾಡಿದರು. "ನೀಂಗಳೇ ಪಾರುಂಗೋ ಅಪ್ಪಾ ಅಂತ ತಂದುಬಿಟ್ಟ. ನೀವೇ ನೋಡಿ ಅಂತ. ನಂಗೆ ಎಷ್ಟ್ ಹೆಮ್ಮೆ ಆಯ್ತು ಗೊತ್ತಾ? ನಿಮಗಿನ್ನು ಕೆಲಸ ಇಲ್ಲ ಅಂದೋನು ನನ್ ಹತ್ರಾನೇ ತಂದ್ನಲ್ಲ ಅಂತ. ನಲವತ್ತು ವರ್ಷ ಮಾಡ್ದಂಗೇ ಮಾಡ್ದೆ. ಹೊಗೆ ನಿಂತುಹೋಯ್ತು. ಅವ್ನು ಹಿಂದಿನಿಂದ ಬಂದು ನನ್ನ ಹಿಡ್ಕೊಂಡು, ಸೂಪರ್ ಪಾ ಅಂದ."

ನಾನು ಅವರ ಕೈ ಹಿಡಿದುಕೊಂಡೆ.

"ಅಮ್ಮಂಗೆ ಎಂಜಿನ್ ಸೀಜ್ ಆಯ್ತು ಅಂತಷ್ಟೇ ಹೇಳೋಣ ಅಪ್ಪಾ" ಎಂದೆ. "ಅಷ್ಟು ನಿಜಾನೇ. ಅವಳಿಗೆ ಬೇಕಾಗಿರೋದೂ ಅಷ್ಟೇ."

ಅಪ್ಪ ನೀರನ್ನೇ ನೋಡುತ್ತಿದ್ದರು. "ಆಮೇಲೆ ಅವಳು ನನ್ನ ಪಕ್ಕದಲ್ಲಿ ಕೂತು ಆ ಎಂಜಿನ್ನಿಗೆ ಶಾಪ ಹಾಕ್ತಾಳೆ. ನಾನು ಹೂಂ ಹೂಂ ಅಂತ ಕೇಳ್ಕೊಂಡಿರ್ಬೇಕು. ನಂಗೆ ಆಗಲ್ಲಮ್ಮ."

ಅದಾದ ಮೇಲೆ ನಾವು ಅಲ್ಲಿ ಏನು ನೋಡಿದೆವು, ಏನು ತಿಂದೆವು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಹೊರಡುವ ದಿನ ಕ್ರೌಸ್ ಅವರು ಅಪ್ಪನಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟರು. ಮದ್ರಾಸಿನಲ್ಲಿ ಇದನ್ನು ಯಾವಾಗ ಹಾಕಿಕೊಳ್ಳುವುದೆಂದು ಕೇಳಿ ಅವರ ಮನಸ್ಸು ನೋಯಿಸಲಿಲ್ಲ.

ವೆಸ್ಟ್ ಮಾಂಬಳಂ

ವಿಮಾನದಿಂದ ಇಳಿದು ಟ್ಯಾಕ್ಸಿ ಹತ್ತಿದಾಗ, ಒಂದೇ ಸಮನೆ ಕೂಗುವ ಹಾರ್ನುಗಳ ನಡುವೆ ನನಗೆ ನೆಮ್ಮದಿಯೆನಿಸಿತು. ಅಪ್ಪ ಕಿಟಕಿಯ ಗಾಜು ಏರಿಸಿಕೊಂಡು ಕೂತರು.

ಅಮ್ಮ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಕೈಕಾಲು ತೊಳೆದು, ಬಟ್ಟೆಯನ್ನೂ ಬದಲಾಯಿಸದೆ, ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಲೇಪ, ಗಂಧಕ, ಕಲ್ಲು, ತಮ್ಮ ಕೈ. ತಮ್ಮ ಕೈ ಎನ್ನುವಾಗ ಅವರ ದನಿ ನಡುಗಲಿಲ್ಲ, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದರೇನೋ.

ಅಮ್ಮ ಕೇಳಿದ್ದು ಒಂದೇ. "ಹಾಗಿದ್ರೆ ಅವ್ನು ತಿರುವಲ್ಲಿ ಜಿದ್ದಿಗೆ ಬಿದ್ದಿರ್ಲಿಲ್ವಾ?"

"ಇಲ್ಲ ಜಾನಕಿ. ಕಾರು ಬಡಿಯೋ ಮುಂಚೇನೇ ಎಂಜಿನ್ ಹಿಡ್ಕೊಂಡ್ಬಿಟ್ಟಿತ್ತು. ಅವನ ಕೈಲಿ ಏನೂ ಇರ್ಲಿಲ್ಲ."

ಅವಳು ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದು ಕೋಣೆಗೆ ಹೋದಳು. ಬೀರು ತೆಗೆದ ಸದ್ದಾಯಿತು. ಸೀರೆಗಳ ಅಡಿಯಿಂದ ಮುರಳಿಯ ಫೋಟೋ ತಂದು, ಸೆರಗಿನಿಂದ ಒರೆಸಿ, ನಡುಮನೆಯ ಗೋಡೆಗೆ ಹಾಕಿದಳು. ಅದರ ಮುಂದೆ ನಿಂತು, ಆ ಒಂದು ವರ್ಷದಲ್ಲಿ ಅಳದೆ ಇಟ್ಟುಕೊಂಡಿದ್ದ ಅಳುವನ್ನೆಲ್ಲ ಅತ್ತಳು. ಅಪ್ಪ ಕೂತಲ್ಲೇ ಕೂತಿದ್ದರು. ಅವಳು ಅವರ ಕಡೆ ತಿರುಗಿ ನೋಡಲಿಲ್ಲ.

ವೆಬರ್ ಅವರು ಬರೆದುಕೊಟ್ಟಿದ್ದ ವರದಿಯ ಒಂದು ಪ್ರತಿಯನ್ನು ಕ್ಲಬ್ಬಿಗೆ ಕೊಟ್ಟೆ. ಓದಿ ಫೈಲಿಗೆ ಹಾಕಿಕೊಂಡರು, ಮುಂದೇನೂ ಹೇಳಲಿಲ್ಲ. ಅಪ್ಪ ಪಟ್ಟರೆಯ ಬಾಗಿಲು ತೆರೆಯಲಿಲ್ಲ. ಬಂದ ಎಂಜಿನ್ನುಗಳನ್ನು ಬೇರೆಯವರ ಕಡೆಗೆ ಕಳಿಸಿದರು. ಅಮ್ಮ ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು, ಪಂಚೆ ಒಗೆದು ಮಡಿಸಿಡುತ್ತಿದ್ದಳು. ಮಾತು ಮಾತ್ರ ಇಲ್ಲ. "ಅವರಿಗೆ ಮಜ್ಜಿಗೆ ಬೇಕಾ ಕೇಳು" ಎಂದು ನನಗೆ ಹೇಳುವಳು, ಅವರು ಎದುರಿಗೇ ಕೂತಿರುವಾಗ. "ಬೇಡ ಅಂತ ಹೇಳು" ಎಂದು ಅವರು ನನಗೆ ಹೇಳುವರು. ಹೀಗೇ ಮಳೆಗಾಲ ಕಳೆಯಿತು.

ಒಂದು ರಜೆಯ ದಿನ ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಪಾತ್ರೆ ಒರೆಸಿ ಇಡುತ್ತಿದ್ದೆ. ಅಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು.

"ಮಗೂಗೆ ಒಳ್ಳೇದಾಗ್ಲಿ ಅಂತ ತಾನೆ ಅವರು ಮಾಡಿದ್ದು" ಎಂದಳು.

"ಹೌದಮ್ಮ. ಹೊಗೆ ನಿಂತಿತ್ತಂತೆ. ಮುರಳಿ ಅಪ್ಪನ್ನ ತಬ್ಬಿಕೊಂಡ್ನಂತೆ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಇದೇ ಕೈ ಅವನ್ನ ಎತ್ತಿ ಆಡಿಸಿದ್ದು. ಆ ಕೈ ಮೇಲೆ ನಂಗೆ ಸಿಟ್ಟಿಲ್ಲ ಅಂತ ಅವರಿಗೆ ಹೇಳು. ನಾನೇ ಹೇಳೋಣ ಅಂತ ದಿನಾ ಹೋಗ್ತೀನಿ. ಬಾಯೇ ಬರಲ್ಲ. ನೀನೇ ಹೇಳಿಬಿಡು."

ಅಪ್ಪ ನಡುಮನೆಯ ಈಸಿಚೇರಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಅಮ್ಮ ಹೇಳಿದ್ದನ್ನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದೆ. ಅಡಿಗೆಮನೆಯಲ್ಲಿ ಸದ್ದಿರಲಿಲ್ಲ. ಅಮ್ಮ ಬಾಗಿಲಿನಾಚೆಯೇ ನಿಂತಿದ್ದಳು.

ಅಪ್ಪ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಹೇಳು" ಎಂದರು.

ಹೇಳಿದೆ.